ಪೀರಮ್ಮನ ಒಂದು ದಮ್

ಭಾಳ ಹಿಂದಿನ ಮಾತು, ಕಾಗಿಣಾ ನದಿ ಇನ್ನೂ ಪರಕಾರ ಉಟ್ಟುಕೊಂಡು ಆಡುವ ಹುಡುಗಿಯಾಗಿದ್ದಳಂತೆ. ಆಗ ಒಂದು ಸೀಮೆಯ ನಟ್ಟನಡುವೆ ಒಂದು ಗೆರೆ ಇತ್ತು. ಗೆರೆಯ ಆಚೆ ಏಳು ಮಂದಿ ರಾಕ್ಷಸಿಯರು. ಅವರನ್ನು ಮುಟ್ಟಿ ಬಂದವಳದೇ ಸೀಮೆಯೆಲ್ಲ. ಆದರೆ ಗೆರೆ ದಾಟುವವಳು ಬಾಯಲ್ಲೊಂದು ಮಂತ್ರ ಹಿಡಿದು ದಾಟಬೇಕು. ಹೋದ ಉಸಿರಿನಲ್ಲೇ ಮರಳಬೇಕು. ಉಸಿರು ಮುರಿಯಿತೋ, ಅಲ್ಲೇ ಸತ್ತಳು. ಸತ್ತವಳು ಹೊರಗೆ ಮಣ್ಣಿನ ಮೇಲೆ ಕೂತು ಕಾಯಬೇಕು. ಗೆಳತಿಯೊಬ್ಬಳು ಹೋಗಿ ಒಬ್ಬ ರಾಕ್ಷಸಿಯನ್ನು ಕೊಂದು ಬಂದರೆ ಮಾತ್ರ ಇವಳಿಗೆ ಮತ್ತೆ ಜೀವ.

ಕಬಡ್ಡಿ ಎಂದರೇನು ಎಂದು ಕೇಳಿದ್ದಕ್ಕೆ ನನ್ನ ಅಜ್ಜಿ ಮಾಣಿಕಮ್ಮ ಹೇಳಿದ ಕಥೆ ಇದು. ವಾಡಿಯ ನಮ್ಮ ಮನೆಯ ಹಿಂದೆ ಗೂಡ್ಸ್ ಗಾಡಿಗಳು ಒಂದಕ್ಕೊಂದು ಢಿಕ್ಕಿ ಹೊಡೆದು ಕೂಡಿಕೊಳ್ಳುತ್ತಿದ್ದವು. ಆ ಸದ್ದೇ ರಾಕ್ಷಸಿಯರ ಹೆಜ್ಜೆ ಎಂದು ನಂಬಿ ನಾನು ಬೆಳೆದೆ. ಮಂತ್ರ ನುಡಿಯಲು ಬಾರದವಳು ಗೆರೆ ದಾಟುವುದು ಹೇಗೆ ಎಂದು ಅಜ್ಜಿಯನ್ನು ಕೇಳಲು ನನಗೆ ಹೊಳೆದಿರಲಿಲ್ಲ. ಹೊಳೆಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಎದುರಿಗೆ ಪೀರಮ್ಮ ಇದ್ದಳು.

ಪೀರಮ್ಮ ಚಿಂಚೋಳಿ ತಾಲೂಕಿನ ಕೊಡ್ಲಿಯವಳು. ಹತ್ತೊಂಬತ್ತು ವರ್ಷ. ಎರಡು ವರ್ಷದವಳಿದ್ದಾಗ ಬಂದ ಜ್ವರ ಅವಳ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು; ಮಾತು ಬರುವ ಮೊದಲೇ ಹೋದದ್ದರಿಂದ ಮಾತೂ ಬರಲಿಲ್ಲ. ಗಂಟಲಿನಿಂದ ದನಿ ಬರುತ್ತಿತ್ತು. ಆದರೆ ಚಿಕ್ಕವಳಿದ್ದಾಗ ಆ ದನಿಗೆ ಓಣಿಯ ಮಕ್ಕಳು ನಕ್ಕಿದ್ದರಂತೆ. ನಗು ಕೇಳಿಸದಿದ್ದರೂ ಕಾಣಿಸುತ್ತದಲ್ಲ. ಅಂದಿನಿಂದ ಅವಳು ಬಾಯಿ ಮುಚ್ಚಿದವಳು.

ನಾನು ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದಲ್ಲಿ ಗ್ರಾಮಸೇವಿಕೆ. ಹುಡುಗಿಯರಿಗೆ ಹೊಲಿಗೆ ಕಲಿಸುವುದು, ಯುವತಿ ಮಂಡಳಿಗಳಿಂದ ಆಟ ಆಡಿಸುವುದು ನನ್ನ ಕೆಲಸ. ಎಂಬತ್ತೊಂದನೆಯ ಇಸವಿಯನ್ನು ಅಂಗವಿಕಲರ ವರ್ಷ ಎಂದು ಸಾರಿದ್ದರು. ನಮ್ಮ ಆಫೀಸಿಗೂ ಒಂದು ಸುತ್ತೋಲೆ ಬಂತು: ಊರಾಟಗಳಲ್ಲಿ ಅಂಗವಿಕಲರನ್ನೂ ಸೇರಿಸಿಕೊಳ್ಳತಕ್ಕದ್ದು. ಸಾಹೇಬರು ಓದಿ ಫೈಲಿಗೆ ಸೇರಿಸಿದರು. ನಾನು ಓದಿ ಕನಸು ಕಾಣತೊಡಗಿದೆ. ಪೀರಮ್ಮ ಹಗ್ಗ ಹರಿದುಕೊಂಡ ಹೋರಿಗರುವನ್ನು ಅಟ್ಟಿಸಿಕೊಂಡು ಹೋಗಿ ಅದರ ಬಾಲವಲ್ಲ, ಕಿವಿ ಹಿಡಿದು ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅವಳನ್ನು ಚಿಂಚೋಳಿಯ ಕಬಡ್ಡಿ ತಂಡಕ್ಕೆ ಸೇರಿಸಿದೆ.

ಸೇರಿಸಿದ ಮೇಲೆ ಮಂತ್ರದ ಪ್ರಶ್ನೆ ಬಂತು. ದಾಳಿಗೆ ಹೋದವಳು ಉಸಿರು ಬಿಡದೆ ಕೂಗುತ್ತಲೇ ಇರಬೇಕು. ಆ ಒಂದು ಉಸಿರಿಗೆ ನಮ್ಮ ಕಡೆ ದಮ್ ಅನ್ನುತ್ತಾರೆ. ಕೂಗು ನಿಂತರೆ ದಮ್ ಹೋಯಿತು, ಆಟಗಾರ್ತಿ ಔಟ್. ಅದಕ್ಕೆ ನಾನೊಂದು ಉಪಾಯ ಹೂಡಿದೆ. ತಂಡದ ಕ್ಯಾಪ್ಟನ್ ಸಾಬಮ್ಮ ಗೆರೆಯ ಹತ್ತಿರ ಬಗ್ಗಿ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂಗುವುದು. ಪೀರಮ್ಮ ತುಟಿ ಆಡಿಸುತ್ತ ಆಚೆ ನುಗ್ಗುವುದು. ಇದು ಮೋಸ ಎಂದು ನನಗೆ ಅನಿಸಲೇ ಇಲ್ಲ. ಅಜ್ಜಿಯ ಕಥೆಗಳಲ್ಲಿ ಕುಂಟ ಕುರುಡನ ಹೆಗಲೇರಿ ಊರು ಸೇರುತ್ತಿದ್ದ. ಅವರನ್ನು ಯಾರೂ ಕಳ್ಳರು ಅಂದಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಚಂದಾಪುರದಲ್ಲಿ ಶಹಾಬಾದಿನ ತಂಡದ ಜೊತೆ ಆಟ. ಎರಡು ದಾಳಿ ನಡೆದುಹೋದವು, ಯಾರಿಗೂ ಗೊತ್ತಾಗಲಿಲ್ಲ. ಮೂರನೆಯದರಲ್ಲಿ ಶಹಾಬಾದಿನ ಕ್ಯಾಪ್ಟನ್ ಖುರ್ಷಿದಬೇಗಂ ಪೀರಮ್ಮನ ಸೊಂಟವನ್ನು ಎರಡೂ ತೋಳಿನಿಂದ ತಬ್ಬಿ ಹಿಡಿದಳು. ಹಿಡಿದವಳು ಹಾಗೇ ತಲೆ ಎತ್ತಿ ಅಂಪೈರ್ ಮಜೀದಸಾಬರನ್ನು ಕೂಗಿದಳು.

"ಸಾಬ್, ಈಕಿ ಹೊಟ್ಟ್ಯಾಗ ದನೀನೇ ಇಲ್ಲ. ದನಿ ಆ ಸೆರಗಿನ್ಯಾಗಿಂದ ಬರ್ಲಿಕತ್ತದ, ನೋಡ್ರಿ!"

ಸಾಬಮ್ಮ ಗಾಬರಿಯಲ್ಲಿ ಇನ್ನೂ ಕೂಗುತ್ತಲೇ ಇದ್ದಳು. ಮಜೀದಸಾಬರು ಹೋಗಿ ಅವಳ ಮುಂದೆ ನಿಂತಾಗ ನಿಲ್ಲಿಸಿದಳು. ಸೇರಿದ್ದ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಂಚೋಳಿ ತಂಡವನ್ನು ಅಂದಿನ ಆಟದಿಂದ ಹೊರಗೆ ಹಾಕಿದರು. ಪೀರಮ್ಮನಿಗೆ ಏನಾಯಿತೆಂದು ತಿಳಿಯಲಿಲ್ಲ; ನಗುವ ಬಾಯಿಗಳನ್ನು ಒಂದೊಂದಾಗಿ ನೋಡುತ್ತ, ಕೊನೆಗೆ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಆಗ ಅವಳಿಗೆ ಎಲ್ಲ ತಿಳಿಯಿತು.

ಒಂದೂವರೆ ತಿಂಗಳು ಬಿಟ್ಟು ನಾನು ಕೊಡ್ಲಿಗೆ ಹೋದೆ. ಪೀರಮ್ಮನ ತಾಯಿ ಭೀಮಮ್ಮ ಅಂಗಳದಲ್ಲಿ ಜೋಳದ ನಡುವಿನ ಅಕ್ಕಡಿ ಸಾಲಿನ ತೊಗರಿ ಕೇರುತ್ತಿದ್ದಳು. ಕುಂದ್ರಿ ಅನ್ನಲಿಲ್ಲ.

"ಅಕ್ಕೋರೆ, ಊರ ಮಂದಿ ನನ್ನ ಮಗಳಿಗಿ ಮೂಕಿ ಅಂತಿದ್ರು. ಅಂದ್ರ ಅನ್ಲಿ, ಮೂಕಿ ಇದ್ಳು, ಅಂದ್ರು. ಈಗ ಕಳ್ಳಿ ಅಂತಾರ. ಬಸ್‌ಸ್ಟ್ಯಾಂಡಿನ್ಯಾಗ ಹುಡುಗ್ರು ಬಾಯಿಗಿ ಸೆರಗು ಮುಚ್ಚಿದಂಗ ಮಾಡಿ ತೋರಿಸ್ತಾರ. ಇದು ಎಲ್ಲಿಂದ ಬಂತ್ರಿ? ನಿಮ್ಮ ಕಾಗದದಾಗಿಂದ ಬಂತು."

"ತಪ್ಪು ನಂದೇ ಅದ, ಭೀಮಮ್ಮ."

"ನಿಮ್ದು ಅದ ಅಂತ ನನಗ ಗೊತ್ತದ. ಊರಿಗಿ ಗೊತ್ತದೇನು?"

ನಾನು ಆಗ ಹೇಳಿಬಿಟ್ಟೆ. ಹೇಳುವಾಗ ನನ್ನ ಹತ್ತಿರ ಯಾವ ದಾರಿಯೂ ಇರಲಿಲ್ಲ. ಸಂಕ್ರಾಂತಿ ಮುಗಿದ ವಾರ ಸೇಡಮಿನಲ್ಲಿ ಐದು ಊರುಗಳ ಆಟ ಇದೆ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಅಲ್ಲಿ, ಅದೇ ಮಜೀದಸಾಬರ ಮುಂದೆ, ಪೀರಮ್ಮ ತನ್ನದೇ ದಮ್ಮಿನಲ್ಲಿ ಒಂದು ದಾಳಿ ಮಾಡುತ್ತಾಳೆ. ಗೆದ್ದು ಬರುತ್ತಾಳೆ. ಆ ಪಾಯಿಂಟು ಅವಳ ಹೆಸರಿನಲ್ಲಿ ಪುಸ್ತಕದಲ್ಲಿ ಬರೆಯುತ್ತಾರೆ. ಇಲ್ಲದಿದ್ದರೆ ನಾನು ಈ ಅಂಗಳ ಮತ್ತೆ ತುಳಿಯುವುದಿಲ್ಲ.

ಭೀಮಮ್ಮ ಮೊರ ಕೆಳಗಿಟ್ಟಳು. "ಯಾವ ದಮ್ಮಿನ್ಯಾಗ ಮಾಡ್ತಾಳ? ಬಾಯಿ ತೆರಿಯಂಗಿಲ್ಲ ಆಕಿ."

"ಆಕಿ ಎಲ್ಲಿ ಅದಾಳ?"

"ಹೊಲದಾಗ. ಹಕ್ಕಿ ಕಾಯ್ಲಿಕತ್ತಾಳ. ಹೋಗಿ ಕೇಳ್ರಿ, ನಿಮ್ಮ ಮುಖ ನೋಡಿದ್ರ ನೋಡ್ಲಿ."

ಜೋಳ ತೆನೆಗೆ ಬಂದಿತ್ತು. ಹೊಲದ ನಡುವೆ ನಾಲ್ಕು ಕಂಬದ ಅಟ್ಟ. ಅದರ ಮೇಲೆ ಪೀರಮ್ಮ, ಕೈಯಲ್ಲಿ ಕವಣೆ. ನಾನು ಬದುವಿನ ಮೇಲೆ ಬರುತ್ತಿದ್ದಾಗಲೇ ಒಂದು ದನಿ ಕೇಳಿಸಿತು. ಸಣ್ಣ, ಒರಟು, ಹಟಮಾರಿ ದನಿ. ಕಣಜದ ಹುಳ ಡಬ್ಬಿಯಲ್ಲಿ ಸಿಕ್ಕಿಬಿದ್ದಂತೆ. ಅದು ನಿಲ್ಲಲೇ ಇಲ್ಲ. ನಾನು ಇಪ್ಪತ್ತು ಹೆಜ್ಜೆ ನಡೆದೆ, ಮೂವತ್ತು ನಡೆದೆ, ನಿಲ್ಲಲಿಲ್ಲ. ಗುಬ್ಬಿಗಳ ಹಿಂಡೊಂದು ಎದ್ದು ಪಕ್ಕದ ಹೊಲಕ್ಕೆ ಹೋಯಿತು. ಆಮೇಲೆ ದನಿ ನಿಂತಿತು. ಪೀರಮ್ಮ ಬಾಯಿಂದ ಎರಡು ಬೆರಳಷ್ಟು ಉದ್ದದ ಒಂದು ಹಸಿರು ತುಂಡು ತೆಗೆದು ಲಂಗಕ್ಕೆ ಒರೆಸಿಕೊಂಡಳು. ತೆನೆಯ ಕೆಳಗಿನ ಎಳೆ ದಂಟನ್ನು ಕತ್ತರಿಸಿ, ಉಗುರಿನಿಂದ ಸೀಳಿ ನಾಲಿಗೆ ಮಾಡಿದ ಪೀಪಿ.

ಕಿವಿ ಕೇಳದವಳು ಪೀಪಿ ಊದುತ್ತಾಳೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಯಾರಿಗೂ ಅದು ಹೇಳುವಂಥ ಮಾತೆಂದು ಅನಿಸಿರಲಿಲ್ಲ.

ನಾನು ಅಟ್ಟದ ಕೆಳಗೆ ನಿಂತು, ನೆಲದ ಮೇಲೆ ಕಾಲಿನಿಂದ ಒಂದು ಗೆರೆ ಎಳೆದೆ. ಪೀಪಿಯನ್ನು ತೋರಿಸಿದೆ. ಗೆರೆ ತೋರಿಸಿದೆ. ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. ಕೊನೆಗೆ ಸೆರಗು ಬಾಯಿಗೆ ಮುಚ್ಚಿದಂತೆ ಮಾಡಿ, ಬೆರಳು ಆಡಿಸಿದಳು: ಅದು ಮತ್ತೆ ಬೇಡ. ನಾನು ಕೈ ಮುಗಿದೆ. ಅವಳು ಕೆಳಗಿಳಿದು ಬಂದಳು.

*

ಮಜೀದಸಾಬರು ವಾಡಿ ಜಂಕ್ಷನ್ನಿನ ರೈಲ್ವೆ ಕ್ಯಾಬಿನ್ನಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಐದೂರಿನ ಯಾವ ಆಟವೂ ಅವರ ಸೀಟಿ ಇಲ್ಲದೆ ನಡೆಯುತ್ತಿರಲಿಲ್ಲ. ನಾನು ಹೋದಾಗ ಮನೆಯ ಮುಂದೆ ಆಡಿಗೆ ಸೊಪ್ಪು ಹಾಕುತ್ತಿದ್ದರು.

"ಬರ್ರಿ ಬೇಟಿ, ಕುಂದ್ರಿ. ಈ ಸಲ ಯಾರ ಸೆರಗಿನ್ಯಾಗ ಏನು ಅದ?"

ಪೀಪಿಯನ್ನು ಅವರ ಅಂಗೈಯಲ್ಲಿಟ್ಟೆ. ಅವರು ತಿರುಗಿಸಿ ನೋಡಿದರು, ಊದಿದರು. ಆಡು ಬೆಚ್ಚಿ ಹಗ್ಗ ಜಗ್ಗಿತು.

"ಕಾನೂನಿನ್ಯಾಗ ಕಬಡ್ಡಿ ಅನ್ಬೇಕು ಅಂತ ಅದ. ಇದು ಕಬಡ್ಡಿ ಅನ್ನಂಗಿಲ್ಲ."

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಬಿಚ್ಚಿದೆ. "ಸಾಬ್, ಸೇಡಮಿನವರು ಏನಂತಾರ?"

"ತೆಲುಗರ ಮಗ್ಗಲಾಗ ಇದ್ದವರು, ಚೆಡುಗುಡು ಅಂತಾರ."

"ಶಹಾಬಾದಿನವರು?"

"ಹುತುತು."

"ಚಿತ್ತಾಪುರದವರು?"

ಅವರು ನಕ್ಕುಬಿಟ್ಟರು. "ಅವರು ಒಂದು ಸಲ ಕಬಡ್ಡಿ ಅಂತಾರ, ಮುಂದ ಬರೀ ಡ್ಡಿಡ್ಡಿಡ್ಡಿ."

"ಮೂವತ್ತು ವರ್ಷ ನೀವು ಯಾರನ್ನರ ಶಬ್ದಕ್ಕ ಔಟ್ ಕೊಟ್ಟೀರೇನು ಸಾಬ್? ದಮ್ಮಿಗಿ ಕೊಟ್ಟೀರಿ."

ಮಜೀದಸಾಬರು ಆಡಿನ ಮುಂದೆ ಇನ್ನೊಂದು ಹಿಡಿ ಸೊಪ್ಪು ಹಾಕಿದರು. ಆಮೇಲೆ ಹೇಳಿದರು: "ನೋಡ್ ಬೇಟಿ. ನಾ ಒಬ್ಬ ಹ್ಞೂಂ ಅಂದ್ರ ಮಜೀದ ಮೂಕಿಗಿ ಬಿಟ್ಟ ಅಂತಾರ. ಐದೂ ಊರಿನ ಕ್ಯಾಪ್ಟನ್ ಒಂದೇ ಕಾಗದದ ಮ್ಯಾಲ ಸಹಿ ಮಾಡ್ಲಿ. ಒಂದು ಸಹಿ ಕಡಿಮಿ ಬಿತ್ತಂದ್ರ ಆ ಹುಡುಗಿ ಹೊರಗ. ಮತ್ತ ದಮ್ಮಿನ ತಕರಾರು ಇನ್ನೊಮ್ಮೆ ಬಂತಂದ್ರ ಚಿಂಚೋಳಿ ತಂಡದ ಹೆಸರೇ ಕಾಟ್ ಹೊಡೀತೀನಿ, ಕಾಯಂ. ಇದು ಆಕಿಗಿ ತಿಳಿಸಿ ಹೇಳ್ರಿ."

ಸೇಡಮಿನ ಆಟಕ್ಕೆ ಇಪ್ಪತ್ತು ದಿನ ಉಳಿದಿತ್ತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜಂಪರಿನೊಳಗೆ ಇಟ್ಟುಕೊಂಡು ತಿರುಗಿದೆ. ವಾಡಿಯವರು ಅಂದೇ ಮಾಡಿದರು. ಚಿತ್ತಾಪುರದವರು ಹುಡುಗಿಯನ್ನು ನೋಡದೆ ಮಾಡುವುದಿಲ್ಲ ಅಂದರು. ಪೀರಮ್ಮನನ್ನು ಕರೆದುಕೊಂಡು ಎರಡು ಬಸ್ ಬದಲಿಸಿ ಮತ್ತೆ ಹೋದೆ. ಪೀಪಿಯ ದನಿ ಕೇಳಿ ಅಲ್ಲಿಯ ಹುಡುಗಿಯರು ತಾವೂ ಊದಿ ನೋಡುತ್ತೇವೆಂದು ಸರದಿ ನಿಂತರು. ಒಬ್ಬಳದೂ ಹತ್ತು ಎಣಿಸುವಷ್ಟು ಬಾಳಲಿಲ್ಲ. ಸಹಿ ಬಿತ್ತು. ಸೇಡಮಿನ ಕ್ಯಾಪ್ಟನ್ ಮದುವೆಗೆ ಹೋಗಿದ್ದಳು, ಮೂರನೆಯ ಸಲಕ್ಕೆ ಸಿಕ್ಕಳು.

ಶಹಾಬಾದಿನಲ್ಲಿ ಖುರ್ಷಿದಬೇಗಂ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಹೊರಗೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕತ್ತರಿಸುವ ಸದ್ದು. ಅದರ ಬಿಳಿ ದೂಳು ಅವಳ ಕಿಟಕಿಯ ಸರಳಿನ ಮೇಲೂ ಕೂತಿತ್ತು. ಕಾಗದ ಓದಿ ಯಂತ್ರದ ಮೇಲಿಟ್ಟಳು.

"ನಾ ಸಹಿ ಮಾಡಂಗಿಲ್ಲ ಅಕ್ಕೋರೆ. ಮೂಕಿ ಅಂತ ನಾವು ಕೈ ಸಡಿಲು ಬಿಡ್ಬೇಕು, ಆಕಿ ಮುಟ್ಟಿ ಹೋಗ್ಬೇಕು, ಮಂದಿ ಚಪ್ಪಾಳಿ ಹೊಡೀಬೇಕು. ಇದೇ ಅಲ್ಲೇನು ನಿಮ್ಮ ಪಿಲಾನು?"

"ಕೈ ಸಡಿಲು ಬಿಡಬ್ಯಾಡ್ರಿ."

"ಬಿಡಂಗಿಲ್ಲ. ಚಂದಾಪುರದಾಗ ಹಿಡಿದಂಗೇ ಹಿಡೀತೀನಿ. ಎಲುಬು ಮುರೀತದ."

"ಮುರಿದ್ರ ಮುರೀಲಿ. ಹಿಡೀರಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ದಲ್ಲಲ್ಲ ಮುರಿಯೋದು. ಆಕಿ ಏನಂತಾಳ?"

ಪೀರಮ್ಮ ಬಾಗಿಲಲ್ಲಿ ನಿಂತಿದ್ದಳು. ನಾನು ಏನು ಸನ್ನೆ ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಅವಳೇ ಒಳಗೆ ಬಂದು, ಖುರ್ಷಿದಬೇಗಂಳ ಎರಡೂ ಕೈ ಹಿಡಿದು ತನ್ನ ಸೊಂಟದ ಸುತ್ತ ಇಟ್ಟುಕೊಂಡು, ಬಿಗಿ ಎಂಬಂತೆ ಅವುಗಳ ಮೇಲೆ ತಟ್ಟಿದಳು. ಖುರ್ಷಿದಬೇಗಂ ಬಿಗಿದಳು. ಪೀರಮ್ಮ ಪೀಪಿ ಕಚ್ಚಿ ಊದತೊಡಗಿದಳು. ಇನ್ನೂ ಬಿಗಿದಳು. ಪೀಪಿ ನಡುಗಿತು, ನಿಲ್ಲಲಿಲ್ಲ. ಕೊನೆಗೆ ಖುರ್ಷಿದಬೇಗಂಳೇ ಉಸ್ಸೆಂದು ಕೈ ಬಿಟ್ಟಳು.

"ಬಿದ್ದಾಗ ಇದು ಗಂಟಲಿಗಿ ಚುಚ್ಚಿದ್ರ?"

ಪೀರಮ್ಮನ ಸೊಂಟದಿಂದ ಇನ್ನೊಂದು ಪೀಪಿ ತೆಗೆದು ಕೊಟ್ಟೆ. ಖುರ್ಷಿದಬೇಗಂ ಕಚ್ಚಿ ನೋಡಿದಳು. ಎಳೆ ದಂಟು, ಹಲ್ಲಿಗೆ ನಾರಾಗಿ ಮೆತ್ತಗಾಯಿತು. "ಸಿಹಿ ಅದ," ಅಂದಳು, ಯಾರ ಮೇಲೋ ಸಿಟ್ಟಾದವಳಂತೆ. ಸಹಿ ಮಾಡಿದಳು.

ಐದನೆಯ ಸಹಿಯೇ ಕಠಿಣವಾಯಿತು. ಅದು ನಮ್ಮ ಸಾಬಮ್ಮನದು.

"ನಾ ಯಾಕ ಮಾಡ್ಲಿ ಅಕ್ಕೋರೆ? ಆವತ್ತು ನೀವು ಕೂಗು ಅಂದ್ರಿ, ಕೂಗ್ದೆ. ಮಂದಿ ನಿಮಗ ಏನರ ಅಂದ್ರೇನು? ಸೆರಗು ನಂದಿತ್ತು. ಈಗ ಮತ್ತ ಹೆಚ್ಚುಕಡಿಮಿ ಆದ್ರ ತಂಡಾನೇ ಇಲ್ಲ. ಆರು ಹುಡುಗ್ಯಾರು ಮನ್ಯಾಗ ಜಗಳಾಡಿ ಆಡ್ಲಿಕ್ಕ ಬರ್ತಾರ."

ಅವಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನಾನು ಕಾಗದ ಅವಳ ಮನೆಯಲ್ಲೇ ಬಿಟ್ಟು ಬಂದೆ. ಮೂರು ದಿನ ಏನೂ ಇಲ್ಲ. ನಾಲ್ಕನೆಯ ದಿನ ಸಾಬಮ್ಮ ಆಫೀಸಿಗೆ ಬಂದು ಕಾಗದ ಟೇಬಲ್ಲಿನ ಮೇಲೆ ಒಗೆದಳು. ಸಹಿ ಇತ್ತು.

"ಒಂದು ದಾಳಿ. ಒಂದೇ. ಯಾವಾಗ ಅಂತ ನಾ ಹೇಳ್ತೀನಿ. ಎರಡನೇದು ಕೇಳಬ್ಯಾಡ್ರಿ."

ಉಳಿದ ದಿನಗಳಲ್ಲಿ ನನ್ನನ್ನು ಇನ್ನೊಂದು ಭಯ ತಿನ್ನತೊಡಗಿತು. ಹಸಿ ದಂಟಿನ ಪೀಪಿ ಎಂಜಲು ಹೆಚ್ಚಾದರೆ ಮೂಕಾಗುತ್ತದೆ. ಊದುತ್ತಿದ್ದರೂ ದನಿ ಬರುವುದಿಲ್ಲ. ಕೇಳಿಸುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಪೀರಮ್ಮನಿಗೆ ಹೇಗೆ ಗೊತ್ತಾಗಬೇಕು? ದನಿ ಸತ್ತ ಮೇಲೂ ಅವಳು ರಾಕ್ಷಸಿಯರ ನಡುವೆ ನಿಂತು ಗಾಳಿ ಊದುತ್ತಿದ್ದರೆ? ಅದಕ್ಕೆ ಒಂದು ಕೆಂಪು ಕರವಸ್ತ್ರ ತಂದೆ. ನಾನು ಆಟದ ಅಂಗಳದ ಹೊರಗೆ ಅದನ್ನು ಎತ್ತಿ ಹಿಡಿದು ನಿಲ್ಲುವುದು. ದನಿ ಇರುವ ತನಕ ಮೇಲೆ, ದನಿ ಸೋತರೆ ಕೆಳಗೆ. ಕೆಳಗೆ ಬಂದರೆ ಅವಳು ಓಡಿ ಬರಬೇಕು.

ಅಭ್ಯಾಸದಲ್ಲಿ ಪೀರಮ್ಮ ಪ್ರತಿ ಸಲವೂ ಸಿಕ್ಕಿಬಿದ್ದಳು. ನನ್ನ ಕಡೆ ನೋಡುವಳು, ಅಷ್ಟರಲ್ಲಿ ಯಾರೋ ಹಿಂದಿನಿಂದ ಕಾಲು ಹಿಡಿಯುವರು. ಇನ್ನೂ ಅಭ್ಯಾಸ ಬೇಕು ಎಂದು ನಾನು ಅಂದುಕೊಂಡೆ.

*

ಸೇಡಮಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಸುತ್ತ ಬಂಡಿಗಳ ಮೇಲೆ, ಗೋಡೆಗಳ ಮೇಲೆ ಜನ. ಭೀಮಮ್ಮ ಹೆಂಗಸರ ಗುಂಪಿನಲ್ಲಿ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ. ಮಧ್ಯಾಹ್ನ ನಮಗೂ ಶಹಾಬಾದಿಗೂ ಆಟ ಬಿತ್ತು.

ಸಾಬಮ್ಮ ಪೀರಮ್ಮನನ್ನು ಕಳಿಸಲಿಲ್ಲ. ಮೊದಲ ಅರ್ಧ ಮುಗಿಯಿತು, ಕಳಿಸಲಿಲ್ಲ. ಎರಡನೆಯ ಅರ್ಧದಲ್ಲಿ ನಮ್ಮವರು ಒಬ್ಬೊಬ್ಬರೇ ಔಟಾಗಿ ಹೊರಗೆ ಕೂರತೊಡಗಿದರು. ಐದು ಪಾಯಿಂಟು ಹಿಂದಿದ್ದೆವು. ಮೊದಲಿನವರಲ್ಲೇ ಸಾಬಮ್ಮನೂ ಔಟಾದಳು. ಕೊನೆಗೆ ಒಳಗೆ ಉಳಿದವರು ಇಬ್ಬರೇ: ಪೀರಮ್ಮ, ಮತ್ತು ಕಾಲು ಉಳುಕಿಸಿಕೊಂಡು ಕುಂಟುತ್ತಿದ್ದ ಇನ್ನೊಬ್ಬ ಹುಡುಗಿ. ನಾಲ್ಕು ನಿಮಿಷ ಬಾಕಿ.

"ಚಿಂಚೋಳಿ, ದಮ್ ತಗೊಳ್ಳೋರು ಯಾರು?" ಮಜೀದಸಾಬರು ಕೂಗಿದರು.

ಸಾಬಮ್ಮ ಹೊರಗಿನ ಮಣ್ಣಿನ ಮೇಲೆ ಕೂತು ತುಟಿ ಕಚ್ಚಿಕೊಂಡಳು. ನಾನು ಅವಳನ್ನೇ ನೋಡುತ್ತಿದ್ದೆ.

"ಪೀರಮ್ಮ," ಅಂದಳು.

ಬಯಲು ಒಮ್ಮೆಲೇ ಎದ್ದಿತು. "ಕೂಗೋರು ಎಲ್ಲಿ ಅದಾರ? ಸೆರಗು ನೋಡ್ರಿ, ಸೆರಗು ನೋಡ್ರಿ!" ಗೋಡೆಯ ಮೇಲಿನಿಂದ ಯಾರೋ ಸೀಟಿ ಹೊಡೆದರು. ಮಜೀದಸಾಬರು ಕೈ ಎತ್ತಿ, ಐದು ಸಹಿಯ ಕಾಗದವನ್ನು ಬಿಚ್ಚಿ ಎಲ್ಲರಿಗೂ ಓದಿದರು. ಆಮೇಲೆ ನಮ್ಮ ತಂಡದ ಕಡೆ ತಿರುಗಿದರು. "ಎಲ್ಲರೂ ಬಾಯಿ ಮ್ಯಾಲ ಕೈ ಇಟ್ಕೋರಿ. ಒಳಗಿದ್ದೋಳು, ಹೊರಗಿದ್ದೋರು, ಎಲ್ಲರೂ." ಆರೂ ಹುಡುಗಿಯರು ಬಾಯಿಗೆ ಅಂಗೈ ಒತ್ತಿಕೊಂಡರು. ನಾನೂ ಒಂದು ಕೈ ಒತ್ತಿಕೊಂಡೆ. ಇನ್ನೊಂದು ಕೈಯಲ್ಲಿ ಕೆಂಪು ಕರವಸ್ತ್ರ ಎತ್ತಿದೆ.

"ಅದೇನು ಬೇಟಿ?"

ಹೇಳಿದೆ. ಮಜೀದಸಾಬರ ಮುಖ ಗಟ್ಟಿಯಾಯಿತು.

"ಮತ್ತ ಅದೇ ಆತಲ್ಲ ಬೇಟಿ. ಆವತ್ತು ಹೊರಗಿನ ಬಾಯಿ, ಇವತ್ತು ಹೊರಗಿನ ಕಿವಿ. ಆಟ ಆಕೀದೋ, ನಿಮ್ಮದೋ? ಅದು ಮ್ಯಾಲ ಎದ್ದಿತಂದ್ರ ನಾ ದಮ್ ಹೋತು ಅಂತೀನಿ."

ನಾನು ಕರವಸ್ತ್ರ ಇಳಿಸಿದೆ. ಗೆರೆಯ ಹತ್ತಿರ ನಿಂತಿದ್ದ ಪೀರಮ್ಮನಿಗೆ ಸನ್ನೆ ಮಾಡಿದೆ: ಕರವಸ್ತ್ರ ಇಲ್ಲ. ನಾನು ಹೇಳಲಾರೆ. ಹೋಗಬೇಡ. ಕೊನೆಯದನ್ನೂ ಮಾಡಿಯೇಬಿಟ್ಟೆ, ಹೋಗಬೇಡ ಎಂದು ಕೈ ಅಡ್ಡ ಆಡಿಸಿದೆ. ಇಷ್ಟು ಊರು ತಿರುಗಿದವಳು ನಾನೇ.

ಪೀರಮ್ಮ ಹುಬ್ಬು ಗಂಟಿಕ್ಕಿ ನನ್ನ ಹತ್ತಿರ ಬಂದಳು. ಸೊಂಟದಿಂದ ಒಂದು ಪೀಪಿ ತೆಗೆದು ತುಟಿಗಿಟ್ಟು ಊದಿದಳು, ಬೇಡವೆಂದು ಎಸೆದಳು. ಇನ್ನೊಂದು ತೆಗೆದಳು. ಅದನ್ನೂ ಎಸೆದಳು. ಮೂರನೆಯದನ್ನು ಊದುತ್ತ ನನ್ನ ತೋರುಬೆರಳು ಹಿಡಿದು ತನ್ನ ಕೆಳತುಟಿಯ ಮೇಲೆ ಇಟ್ಟುಕೊಂಡಳು. ತುಟಿ ಗುಂಯ್ಯೆಂದು ನಡುಗುತ್ತಿತ್ತು. ಪೀಪಿಯನ್ನು ನಾಲಿಗೆಯಿಂದ ಒದ್ದೆ ಮಾಡಿ ದನಿ ಸಾಯಿಸಿದಳು, ನಡುಕ ನಿಂತಿತು. ಮತ್ತೆ ಸರಿ ಮಾಡಿದಳು, ನಡುಕ ಬಂತು. ಗೊತ್ತಾಯಿತೇನು ಎಂಬಂತೆ ತಲೆ ಆಡಿಸಿದಳು. ಎಲ್ಲ ಅವಳಿಗೆ ಮೊದಲಿಂದಲೂ ಗೊತ್ತಿತ್ತು. ನಾನು ನೋಡು ಅಂದಿದ್ದಕ್ಕೆ ಇಷ್ಟು ದಿನ ನನ್ನ ಕಡೆ ನೋಡಿದ್ದಳು, ಸಿಕ್ಕಿಬಿದ್ದಿದ್ದಳು. ನನ್ನ ಕೈಯಿಂದ ಕರವಸ್ತ್ರ ಕಿತ್ತು ಅದರಲ್ಲಿ ಮೂಗು ಒರೆಸಿಕೊಂಡು, ನನ್ನ ಹೆಗಲ ಮೇಲೆ ಒಗೆದು ಹೋದಳು.

ಹೊರಗೆ ಕೂತ ಸಾಬಮ್ಮ ಅಂಗೈಯ ಹಿಂದೆ ಕಿಸಕ್ಕೆಂದು ನಕ್ಕಿದ್ದು ನನಗೆ ಕೇಳಿಸಿತು.

ಪೀರಮ್ಮ ಪೀಪಿ ಕಚ್ಚಿದಳು. ದನಿ ಎದ್ದಿತು. ಗೆರೆ ದಾಟಿದಳು.

ಈ ಸಲ ಅವಳು ಯಾರ ಕಡೆಯೂ ನೋಡಲಿಲ್ಲ, ಏಳು ಜೊತೆ ಕಾಲುಗಳನ್ನು ಬಿಟ್ಟು. ಬಲಕ್ಕೆ ಬಾಗಿ ಎಡಕ್ಕೆ ಚಿಮ್ಮಿದಳು. ಶಹಾಬಾದಿನವರು ಹಿಂದೆ ಹಿಂದೆ ಸರಿದು, ಬಲೆ ಹರಡಿದಂತೆ ಬದಿಗಳಿಂದ ಮುಂದೆ ಬಂದರು. ಜನ ಕೂಗತೊಡಗಿದರು. ಪೀಪಿಯ ದನಿ ಆ ಗದ್ದಲದಲ್ಲಿ ಎಲ್ಲಿ ಹೋಯಿತೋ, ನನಗೆ ಕೇಳಿಸದಾಯಿತು. ಮೂಲೆಯ ಹುಡುಗಿಯ ಹೆಗಲಿಗೆ ಪೀರಮ್ಮನ ಕೈ ತಗುಲಿತು. ತಿರುಗಿದಳು. ತಿರುಗುವಷ್ಟರಲ್ಲಿ ಇನ್ನೊಬ್ಬಳು ಪಾದ ಹಿಡಿದಳು. ಖುರ್ಷಿದಬೇಗಂ ಮೂರು ಹೆಜ್ಜೆ ಓಡಿ ಬಂದು ಸೊಂಟದ ಮೇಲೆ ಬಿದ್ದಳು. ಮೂವರೂ ಒಟ್ಟಿಗೆ ನೆಲಕ್ಕೆ ಉರುಳಿದರು.

"ದಮ್ ಹೋತು! ದಮ್ ಹೋತು!" ಬಯಲೆಲ್ಲ ಅದೇ ಕೂಗು.

ಮಜೀದಸಾಬರು ಆಗ ಮಾಡಿದಂಥದ್ದನ್ನು ಬೇರೆ ಯಾವ ಅಂಪೈರೂ ಮಾಡಿದ್ದು ನಾನು ಕಂಡಿಲ್ಲ. ಬಿಳಿ ಪೈಜಾಮದಲ್ಲೇ ನೆಲದ ಮೇಲೆ ಮಲಗಿಬಿಟ್ಟರು. ಮಣ್ಣಿಗೆ ಕೆನ್ನೆ ಒತ್ತಿ, ಪೀರಮ್ಮನ ಬಾಯಿಯ ಒಂದು ಗೇಣು ದೂರದಲ್ಲಿ ಕಿವಿ ಇಟ್ಟರು. ಪೀರಮ್ಮ ಮೊಣಕೈ ಊರಿ ಎಳೆದುಕೊಂಡಳು. ಖುರ್ಷಿದಬೇಗಂ ಹಿಂದಕ್ಕೆ ಎಳೆದಳು; ಅವಳ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು, ಅವಳು ಒಂದು ಕೂದಲೆಳೆಯೂ ಸಡಿಲು ಬಿಟ್ಟಿರಲಿಲ್ಲ. ಗೆರೆ ಎರಡು ಮೊಳ ದೂರ. ಒಂದೂವರೆ. ಮಜೀದಸಾಬರೂ ಹೊಟ್ಟೆಯ ಮೇಲೆ ಅವಳ ಪಕ್ಕದಲ್ಲೇ ತೆವಳಿದರು. ಪೀರಮ್ಮನ ಮುಖ ಕಪ್ಪಿಟ್ಟಿತು. ಬೆರಳುಗಳು ಮಣ್ಣಿನಲ್ಲಿ ನಾಲ್ಕು ಗೀಟು ಎಳೆಯುತ್ತ ಮುಂದೆ ಬಂದವು. ಒಂದು ಗೇಣು. ನಾನು ಬಾಯಿಯ ಮೇಲಿನ ಅಂಗೈಯನ್ನು ಕಚ್ಚಿಕೊಂಡೆ.

ಸುಣ್ಣ ಅವಳ ಬೆರಳ ತುದಿಗೆ ಹತ್ತಿತು.

"ಔಟ್! ದನಿ ಇಲ್ಲ! ಮೊದಲೇ ಹೋಗ್ಯದ!" ಬಂಡಿಯ ಮೇಲಿನವರು ಇಳಿದು ಓಡಿ ಬಂದರು. ಮಜೀದಸಾಬರು ಮಲಗಿದಲ್ಲಿಂದಲೇ ಎರಡೂ ಕೈ ಎತ್ತಿದರು. ಸೀಟಿ ಊದಲಿಲ್ಲ. ಕೈ ಎತ್ತಿಯೇ ಇದ್ದರು. ಮುಂದಿನ ಸಾಲು ಸುಮ್ಮನಾಯಿತು, ಅದರ ಹಿಂದಿನದು ಸುಮ್ಮನಾಯಿತು, ಕೊನೆಗೆ ಗೋಡೆಯ ಮೇಲಿನವರೂ ಸುಮ್ಮನಾದರು.

ಆಗ ಎಲ್ಲರಿಗೂ ಕೇಳಿಸಿತು. ಕೂದಲಿನಷ್ಟು ತೆಳ್ಳಗೆ, ಆದರೆ ಮುರಿಯದೆ. ಪೀರಮ್ಮ ಕಣ್ಣು ಮುಚ್ಚಿ, ಕೆನ್ನೆ ಮಣ್ಣಿಗೆ ಹಚ್ಚಿ, ಇನ್ನೂ ಊದುತ್ತಿದ್ದಳು. ಗೆರೆ ಮುಟ್ಟಿದ್ದು ಅವಳಿಗೆ ಯಾರೂ ಹೇಳಿರಲಿಲ್ಲ. ಖುರ್ಷಿದಬೇಗಂ ಸೊಂಟದಿಂದ ಕೈ ಬಿಡಿಸಿಕೊಂಡು ಅವಳ ಬೆನ್ನು ತಟ್ಟಿದಳು. "ಬಿಡು ನಮ್ಮವ್ವ, ಬಿಡು. ಆತು."

ಪೀಪಿ ಒಮ್ಮೆ ಕಿರ್ರೆಂದು ತಾನಾಗಿಯೇ ನಿಂತಿತು. ಪೀರಮ್ಮ ಕಣ್ಣು ತೆರೆದು, ತನ್ನ ಬೆರಳಿನ ಸುಣ್ಣ ನೋಡಿ, ಬಾಯಿ ದೊಡ್ಡದಾಗಿ ತೆರೆದು ಗಾಳಿ ಎಳೆದುಕೊಂಡಳು.

ಮಜೀದಸಾಬರು ಮಂಡಿ ಹಿಡಿದುಕೊಂಡು ಎದ್ದು ಸೀಟಿ ಊದಿದರು. ಮೂರು ಬೆರಳು ಎತ್ತಿದರು. "ಮೂರು ಪಾಯಿಂಟು ಚಿಂಚೋಳಿಗಿ. ದಮ್ ನಾ ಕೇಳೀನಿ, ಮೊದಲಿಂದ ಕೊನೀತನಕ."

ಇನ್ನೂ ಎರಡು ಪಾಯಿಂಟು ಹಿಂದೆಯೇ ಇದ್ದೆವು. ಔಟಾದವರಲ್ಲಿ ಮೂವರಿಗೆ ಜೀವ ಬಂತು. ಸಾಬಮ್ಮ ಮಣ್ಣು ಕೊಡವಿಕೊಂಡು ಎದ್ದಳು. ಪುಸ್ತಕ ಹಿಡಿದು ಕೂತಿದ್ದ ಮಾಸ್ತರರು ಪೆನ್ನು ಎತ್ತಿ ಕೇಳಿದರು, "ಯಾರ ಹೆಸರಿಗಿ?"

ಸಾಬಮ್ಮ ಬಾಯಿಯ ಮೇಲಿಂದ ಅಂಗೈ ತೆಗೆದಳು. "ಪೀರಮ್ಮ. ಕೊಡ್ಲಿ ಪೀರಮ್ಮ ಅಂತ ಪೂರಾ ಬರೀರಿ."

ಅವರು ಬರೆದುಕೊಂಡರು.